ಅಕ್ವೇರಿಯಂನಲ್ಲಿ ಅಕ್ರೊಪೊರಾ ಹವಳದ ಬಣ್ಣ ಉಳಿಯಲು ಎಂಥ ಬೆಳಕು ಬೇಕು?

ನೀಲಿ ಹೆಚ್ಚಿರುವ, ಪ್ರಖರವಾದ ಎಲ್‌ಇಡಿ ಬೆಳಕು ದಿನಕ್ಕೆ 8ರಿಂದ 10 ಗಂಟೆ ಬೇಕು. ವ್ಯಾಟ್ ನೋಡಿ ದೀಪ ಕೊಳ್ಳಬೇಡಿ. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಪಿಎಆರ್ ಮೀಟರ್, ಹವಳ ಇರುವ ಜಾಗದಲ್ಲಿ ಸುಮಾರು 200–350 ತೋರಿಸಬೇಕು.

ಹವಳದ ಅಂಗಾಂಶದೊಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿಗಳಿವೆ. ಅವು ಬೆಳಕಿನಿಂದ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಬೆಳಕು ಸಾಲದಿದ್ದರೆ ಪಾಚಿಯ ಕಂದು ಬಣ್ಣವೇ ಮೇಲುಗೈಯಾಗುತ್ತದೆ. ಪ್ರಖರ ನೀಲಿ ಬೆಳಕು ಬಿದ್ದಾಗ ಹವಳ ತನ್ನ ರಕ್ಷಣೆಗಾಗಿ ಹಸಿರು, ನೇರಳೆ, ಗುಲಾಬಿ ಬಣ್ಣದ ಪ್ರೋಟೀನುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ನಾವು ಮನಸೋಲುವ ಬಣ್ಣ ಅದೇ!

ಆದರೆ ಹೊಸ ದೀಪವನ್ನು ದಯವಿಟ್ಟು ಮೊದಲ ದಿನವೇ ಪೂರ್ತಿ ಏರಿಸಬೇಡಿ: ಪಾಚಿಗಳನ್ನು ಕಳೆದುಕೊಂಡು ಹವಳ ಬಿಳಿಚಿ ಸಾಯಬಹುದು. ಅರ್ಧದಿಂದ ಶುರುಮಾಡಿ ಮೂರ್ನಾಲ್ಕು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ.