ಶ್ರೀಲಂಕಾ ಗುಂಪು ಪ್ರವಾಸದಲ್ಲಿ ಹಕ್ಕಿ ನೋಡಲು ಒಂದೇ ದಿನ ಸಿಕ್ಕರೆ ಸಿಂಹರಾಜವೋ, ಬುಂದಲವೋ, ಎರಡೂ ಸಾಧ್ಯವೋ?

ಗುಂಪಿನಲ್ಲಿ ಹಕ್ಕಿ ಹುಚ್ಚು ನಿಮ್ಮೊಬ್ಬರಿಗೇ, ಉಳಿದವರನ್ನು ಒಪ್ಪಿಸಿ ಒಂದು ದಿನ ಪಡೆದಿದ್ದೀರಿ, ಬೆಳಿಗ್ಗೆ ಸಿಂಹರಾಜದ ಮಳೆಕಾಡು, ಮಧ್ಯಾಹ್ನ ಬುಂದಲದ ಜೌಗು ಪ್ರದೇಶ ಮುಗಿಸಿದರೆ ಎಷ್ಟು ಜಾತಿ ಸಿಗಬಹುದು ಅಂತ ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿಕೊಂಡು ಹೋದವಳು.

ನಾವು ಮೂರು ಕುಟುಂಬದವರು ಉನವಟುನ ಕಡಲತೀರದಲ್ಲಿ ಉಳಿದಿದ್ದೆವು. ಗಾಲ್ ಕೋಟೆ, ಮಿರಿಸ್ಸದ ತಿಮಿಂಗಿಲದ ದೋಣಿ, ಸಮುದ್ರ ಸ್ನಾನ ಎಲ್ಲ ಮೊದಲೇ ಗೊತ್ತುಮಾಡಿತ್ತು. ಒಂದು ದಿನ ನನಗೆ ಬಿಟ್ಟುಕೊಡಿ ಅಂದೆ. ಎಲ್ಲರೂ ಒಟ್ಟಿಗೇ ಹೋಗೋಣ, ತಿಂಡಿ ತಿಂದು ಹೊರಡೋಣ, ಸೂರ್ಯಾಸ್ತಕ್ಕೆ ಬೀಚಿಗೆ ವಾಪಸ್ ಬರೋಣ ಅಂತ ತೀರ್ಮಾನವಾಯಿತು. ನಾನು ಖುಷಿಯಿಂದ ತಲೆಯಾಡಿಸಿದೆ. ಸಿಂಹರಾಜದ ಕುಡಾವ ಪ್ರವೇಶದ್ವಾರಕ್ಕೆ ಅಲ್ಲಿಂದ ಸುಮಾರು ಮೂರು ಗಂಟೆಯ ದಾರಿ, ಅದೂ ತಿರುವಿನ ಮೇಲೆ ತಿರುವು. ತಲುಪಿದಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಮಳೆಕಾಡಿನ ಹಕ್ಕಿಗಳು ಚುರುಕಾಗಿರುವುದು ಬೆಳಕು ಹರಿದ ಮೊದಲ ಎರಡು ಮೂರು ಗಂಟೆ. ಅದನ್ನು ನಾವು ವ್ಯಾನಿನಲ್ಲೇ ಕಳೆದಿದ್ದೆವು.

ಆದರೆ ನನ್ನ ದಿನ ಕೆಟ್ಟಿದ್ದು ತಡವಾಗಿದ್ದರಿಂದಲ್ಲ. ತಡವಾಗಿಯೂ ಅದೃಷ್ಟ ಎದುರಿಗೇ ಬಂದು ನಿಂತಿತ್ತು, ನಾನೇ ಬೇಡ ಅಂದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಬರೆದಿರುವ ಪ್ರಶ್ನೆಯಲ್ಲೇ ಆ ತಪ್ಪಿನ ಬೀಜ ಇದೆ.

ಸಿಂಹರಾಜದೊಳಗೆ ಮಾರ್ಗದರ್ಶಿ ಇಲ್ಲದೆ ಬಿಡುವುದಿಲ್ಲ. ನಾವು ಜನ ಹೆಚ್ಚಿದ್ದರಿಂದ ಇಬ್ಬರು ಬಂದರು. ಹಿರಿಯವರಿಗೆ ನಾನು ಮೊದಲು ಹೇಳಿದ ಮಾತೇ, ನನಗೆ ಸೆರೆಂಡಿಬ್ ಸ್ಕಾಪ್ಸ್ ಗೂಬೆ ಬೇಕು ಅಂತ. ಆ ಗೂಬೆಯ ಕಥೆ ಓದಿದವರಿಗೆ ಆಸೆ ಹುಟ್ಟದೇ ಇರದು. ದೀಪಲ್ ವಾರಕಾಗೊಡ ಅನ್ನುವ ಪಕ್ಷಿತಜ್ಞರು 1995ರಲ್ಲಿ ಗುರುತು ಸಿಗದ ಒಂದು ಕೂಗು ಕೇಳುತ್ತಾರೆ. ಕೂಗಿದ ಹಕ್ಕಿ ಕಣ್ಣಿಗೆ ಬೀಳುವುದು 2001ರಲ್ಲಿ, ಇದೇ ಸಿಂಹರಾಜದಲ್ಲಿ. 2004ರಲ್ಲಿ ಹೊಸ ಜಾತಿ ಎಂದು ವೈಜ್ಞಾನಿಕವಾಗಿ ದಾಖಲಾಯಿತು. 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಈ ಕಾಡನ್ನು ಕಡಿಯುವುದನ್ನು ವಿರೋಧಿಸಿ ಹೋರಾಡಿದ ಥಿಲೋ ಹಾಫ್‌ಮನ್ ಅವರ ಹೆಸರನ್ನೇ ಅದರ ವೈಜ್ಞಾನಿಕ ಹೆಸರಿಗೆ ಸೇರಿಸಿದ್ದಾರೆ. ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಹೋಗಿದ್ದೆ.

ಸ್ವಲ್ಪ ದೂರ ನಡೆದಿದ್ದೆವು ಅಷ್ಟೆ. ಒಂದು ತಿರುವಿನಲ್ಲಿ ಹಿರಿಯ ಮಾರ್ಗದರ್ಶಿ ಕೈ ಎತ್ತಿ ನಿಂತರು. ಬಲಗಡೆಯ ಇಳಿಜಾರಿನ ಕೆಳಗಿನಿಂದ ಹರಟೆಮಲ್ಲ ಹಕ್ಕಿಗಳ ಗಲಾಟೆ ಮೇಲಕ್ಕೆ ಬರುತ್ತಿತ್ತು. ಹಿಂಡು ಬರ್ತಾ ಇದೆ, ಇಲ್ಲೇ ನಿಲ್ಲಿ, ಅಲುಗಾಡಬೇಡಿ ಅಂದರು. ನಾನು ಗಡಿಯಾರ ನೋಡಿದೆ. ಒಂದೂವರೆಗೆ ವ್ಯಾನ್ ಹೊರಡಬೇಕು. ಮೊದಲು ಗೂಬೆ ತೋರಿಸಿಬಿಡಿ, ಬರುವಾಗ ಇದನ್ನು ನೋಡೋಣ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಮತ್ತೆ ಮಾತಾಡದೆ ಮುಂದೆ ನಡೆದರು.

ಈ ಮಾತು ಎಷ್ಟು ತಲೆಕೆಳಗು ಅಂತ ಯೋಚಿಸಿ. ಗೂಬೆ ಹಗಲೆಲ್ಲ ನಿದ್ದೆ ಮಾಡುತ್ತದೆ. ನೆಲದಿಂದ ಹೆಚ್ಚು ಎತ್ತರವಿಲ್ಲದ ಪೊದೆಯಲ್ಲಿ ಬೆಳಿಗ್ಗೆ ಕೂತಿದ್ದು ಸಂಜೆಗೂ ಅಲ್ಲೇ ಕೂತಿರುತ್ತದೆ. ಹಲವು ಜಾತಿಯ ಹಕ್ಕಿಗಳು ಸೇರಿ ಸಾಗುವ ಹಿಂಡು ಹಾಗಲ್ಲ. ಕಾಡು ಗಂಟೆಗಟ್ಟಲೆ ಖಾಲಿ ಅನ್ನಿಸುತ್ತದೆ, ಇದ್ದಕ್ಕಿದ್ದಂತೆ ಹತ್ತಾರು ಹಕ್ಕಿಗಳು ಒಟ್ಟಿಗೇ ಬಂದು ಕೆಲವೇ ನಿಮಿಷದಲ್ಲಿ ತಲೆಯ ಮೇಲಿಂದ ದಾಟಿ ಹೋಗುತ್ತವೆ. ಅವು ಯಾವ ಕಡೆ ಇಳಿದವು ಅಂತ ಹುಡುಕಿಕೊಂಡು ಆ ಇಳಿಜಾರಿನಲ್ಲಿ ಹೋಗಲು ಆಗುವುದಿಲ್ಲ. ಸರತ್ ಕೊಟಗಾಮ, ಎಬೆನ್ ಗುಡೇಲ್ ಎಂಬ ವಿಜ್ಞಾನಿಗಳು ಸಿಂಹರಾಜದ ನೂರಾರು ಹಿಂಡುಗಳನ್ನು ಎಣಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಹಿಂಡಿನಲ್ಲಿ ಸರಾಸರಿ 41 ಹಕ್ಕಿಗಳು, 11ರಿಂದ 12 ಜಾತಿ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳದ್ದೇ ದೊಡ್ಡ ಸಂಖ್ಯೆ. ಜೊತೆಗೆ ಜುಟ್ಟಿನ ಕಾಜಾಣ. ಇದು ನಮ್ಮ ಭೀಮರಾಜನ ಹತ್ತಿರದ ನೆಂಟ, ಆದರೆ ಭೀಮರಾಜನಿಗಿರುವಂತೆ ಬಾಲದ ತುದಿಯಲ್ಲಿ ತಂತಿ, ಬಿಲ್ಲೆ ಇಲ್ಲ, ಆಳವಾಗಿ ಕವಲೊಡೆದ ಬಾಲ ಮಾತ್ರ. ಬೇರೆ ಹಕ್ಕಿಗಳ ದನಿಯನ್ನು ಅಣಕಿಸಿಯೇ ಅವುಗಳನ್ನು ಹತ್ತಿರ ಸೆಳೆಯುತ್ತದೆ ಎಂದು ಇದೇ ವಿಜ್ಞಾನಿಗಳು ಧ್ವನಿಮುದ್ರಣ ಕೇಳಿಸಿ ಪರೀಕ್ಷಿಸಿ ತೋರಿಸಿದ್ದಾರೆ. ಹರಟೆಮಲ್ಲಗಳು ಎಲೆ ಕೆದಕಿ ಹಾರಿಸುವ ಹುಳುಗಳನ್ನು ಕಾಜಾಣ ಹಿಡಿಯುತ್ತದೆ, ಗಿಡುಗ ಬಂದರೆ ಕಾಜಾಣ ಮೊದಲು ಕೂಗುತ್ತದೆ. ಇಂಥ ಹಿಂಡಿನ ಜೊತೆಗೇ ಮರದ ತುದಿಯಲ್ಲಿ ಸದ್ದಿಲ್ಲದೆ ಸಾಗುವುದು ಕೋಗಿಲೆ ಕುಟುಂಬದ ಕೆಂಪು ಮುಖದ ಮಾಲ್ಕೋಹ. ಹಿಂಡು ಬಿಟ್ಟರೆ ಅದನ್ನು ಹುಡುಕುವುದು ಬಹಳ ಕಷ್ಟ, ಏಕೆಂದರೆ ಅದು ಕೂಗುವುದೇ ಅಪರೂಪ. ಇದೆಲ್ಲ ನಾನು ಹೋಗುವ ಮೊದಲೇ ಓದಿದ್ದೆ! ಗೊತ್ತಿದ್ದೂ ಹೀಗೆ ಮಾಡಿದ್ದು ಯಾಕೆಂದರೆ ಕೈಯಲ್ಲಿ ಒಂದು ಪಟ್ಟಿ ಇತ್ತು, ಪಟ್ಟಿಯ ತುದಿಯಲ್ಲಿ ಗೂಬೆ ಇತ್ತು.

ಗೂಬೆ ಸಿಕ್ಕಿತು. ಒಣಗಿದ ಎಲೆಗಳ ನಡುವೆ ಕೆಂಗಂದು ಬಣ್ಣದ ಪುಟ್ಟ ಉಂಡೆ, ಮುಚ್ಚಿದ ಕಣ್ಣು, ಎದೆಯ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ನೋಡಿ ಬೇಗ ಬೇಗ ಹಿಂದೆ ಬಂದೆ. ತಿರುವು ನಿಶ್ಶಬ್ದವಾಗಿತ್ತು.

ಅಲ್ಲಿ ಗೆಳತಿಯ ತಾಯಿ ಕೂತಿದ್ದರು. ಮಂಡಿನೋವು ಅಂತ ಅವರು ಎರಡನೇ ಮಾರ್ಗದರ್ಶಿಯ ಜೊತೆ ಅಲ್ಲೇ ಉಳಿದಿದ್ದರು. ಜೀವನದಲ್ಲಿ ದುರ್ಬೀನು ಹಿಡಿದವರಲ್ಲ. ನಾನು ಬಂದ ತಕ್ಷಣ ಕೈಹಿಡಿದು ಹೇಳಿದ್ದು ಇನ್ನೂ ನೆನಪಿದೆ. ತಲೆ ಕಂದು, ಮೈಯೆಲ್ಲ ನೀಲಿ, ಕೊಕ್ಕೂ ಕಾಲೂ ಕೆಂಪು, ಎರಡು ಬಂದವು ಕಣೇ, ಇಷ್ಟು ಹತ್ತಿರ. ಅದು ಶ್ರೀಲಂಕಾದ ಬ್ಲೂ ಮ್ಯಾಗ್‌ಪೈ. ಆಮೇಲೆ ಮೇಲೆ ಒಂದು ದೊಡ್ಡದು, ಅಳಿಲಿನ ಹಾಗೆ ಕೊಂಬೆ ಮೇಲೆ ಓಡ್ತಿತ್ತು, ಕಣ್ಣಿನ ಸುತ್ತ ರಕ್ತಗೆಂಪು, ಕೊಕ್ಕು ತಿಳಿ ಹಸಿರು, ಉದ್ದ ಬಾಲದಲ್ಲಿ ಬಿಳಿ. ಅದೇ ಮಾಲ್ಕೋಹ. ಪುಸ್ತಕವೇ ನೋಡದ ಅವರು ಒಂದೊಂದು ಗುರುತನ್ನೂ ಸರಿಯಾಗಿ ಹೇಳಿದರು, ಏಕೆಂದರೆ ಅವರು ಸುಮ್ಮನೆ ಕೂತು ಪೂರ್ತಿ ನೋಡಿದ್ದರು. ಆಮೇಲೆ ಮಳೆ ಹಿಡಿಯಿತು, ವ್ಯಾನಿನಿಂದ ಫೋನು ಬಂತು, ಹೊರಟೆವು.

ಆದ್ದರಿಂದ ನಿಮ್ಮ ಲೆಕ್ಕಾಚಾರವನ್ನೇ ಕೈಬಿಡಿ ಅನ್ನುತ್ತೇನೆ. ಎಷ್ಟು ಜಾತಿ ಅನ್ನುವುದು ಒಂದು ದಿನದ ಮಟ್ಟಿಗೆ ತಪ್ಪು ಪ್ರಶ್ನೆ. ಎರಡೂ ಜಾಗ ಒಂದೇ ದಿನ ಖಂಡಿತ ಬೇಡ. ಒಂದು ನೈಋತ್ಯದ ಮಳೆಕಾಡು, ಇನ್ನೊಂದು ಹಂಬಂತೋಟದ ಒಣ ಕರಾವಳಿ, ಅಲ್ಲಿಂದ ಇಲ್ಲಿಗೆ ಹೋಗುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಬುಂದಲ 1990ರಲ್ಲೇ ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎನಿಸಿದ ಜಾಗ, ವಲಸೆ ಕಾಲದಲ್ಲಿ ಗೊರವಗಳು, ಕೊಕ್ಕರೆಗಳು ಚೆನ್ನಾಗಿ ಸಿಗುತ್ತವೆ, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಭಾರತದ ಕೆರೆ, ಹಿನ್ನೀರುಗಳಲ್ಲೂ ಇವೆ. ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ ಜಾತಿಗಳು ಮೂವತ್ತಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಸಿಂಹರಾಜದಲ್ಲಿವೆ. ಸಿಂಹರಾಜಕ್ಕೇ ಹೋಗಿ.

ಹಿಂದಿನ ರಾತ್ರಿಯೇ ಕಾಡಿನ ಬಾಗಿಲಿಗೆ ಹೋಗಿ ಮಲಗಿ. ಕುಡಾವದಲ್ಲಿ ಉಳಿಯಲು ಸಣ್ಣ ಸಣ್ಣ ವಸತಿಗಳಿವೆ. ಇಡೀ ಗುಂಪು ಒಪ್ಪದಿದ್ದರೆ ನೀವೊಬ್ಬರೇ ಟ್ಯಾಕ್ಸಿ ಮಾಡಿಕೊಂಡು ಹೋಗಿ, ಮರುದಿನ ಸಂಜೆ ಅವರನ್ನು ಸೇರಿಕೊಳ್ಳಿ. ಇದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಅರ್ಧ ದಿನಕ್ಕೆ ರಾಜಿಯಾಗಿ ಎಲ್ಲರನ್ನೂ ಅವಸರ ಮಾಡಿದರೆ ಮಾತ್ರ ಮುನಿಸು ಬರುತ್ತದೆ. ಗುಂಪು ಇದ್ದರೆ ಹಕ್ಕಿ ಸಿಗುವುದಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬರುತ್ತೇನೆ ಅಂದವರನ್ನು ಕರೆದುಕೊಂಡು ಹೋಗಿ, ಒಂದು ಕಡೆ ಕೂರಿಸಿ.

ಮಾರ್ಗದರ್ಶಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ಹಿಂಡು ಬಂದರೆ ಬೇರೆಲ್ಲ ಬಿಟ್ಟು ನಿಲ್ಲೋಣ ಅಂತ. ಗೂಬೆಗೆ ಮಧ್ಯಾಹ್ನ ಹೋದರೂ ಸಾಕು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಿರಿ ಅಂತ ಯಾರಾದರೂ ಒತ್ತಾಯಿಸಿದರೆ ಬೇಡ ಅನ್ನಿ. ತಿಂಗಳು ಆರಿಸುವ ಅವಕಾಶ ಇದ್ದರೆ ಜನವರಿಯಿಂದ ಮಾರ್ಚ್, ಆಗ ಮಳೆ ಸ್ವಲ್ಪ ಕಡಿಮೆ. ಇಂಬಳ ಮಾತ್ರ ಬೇಕಾದಷ್ಟಿವೆ, ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟುವ ಬಟ್ಟೆಯ ಕಾಲುಚೀಲ ತೆಗೆದುಕೊಂಡು ಹೋಗಿ. ಗುಂಪಿನಲ್ಲಿ ಇಂಬಳ ಕಂಡು ಗಾಬರಿಯಾಗುವವರಿದ್ದರೆ ಹಿಂದಿನ ದಿನವೇ ತಿಳಿಸಿಬಿಡಿ.

ಝೂಮ್ ಕ್ಯಾಮೆರಾ ಇದೆ, ದುರ್ಬೀನು ಬೇಕೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಕು, ಕ್ಯಾಮೆರಾ ಬಿಟ್ಟು ಹೋದರೂ ಪರವಾಗಿಲ್ಲ. ಆ ಕಾಡಿನೊಳಗೆ ಹಗಲಲ್ಲೂ ಮಬ್ಬು, ಹಿಂಡು ದಾಟುವಾಗ ಫೋಕಸ್ ಹುಡುಕುತ್ತ ಕೂತರೆ ಫೋಟೋವೂ ಇಲ್ಲ, ಹಕ್ಕಿಯೂ ಇಲ್ಲ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ದುರ್ಬೀನು ಸಾಕು, ಹತ್ತು ಪಟ್ಟಿನ 10×ಗಿಂತ ಅದರಲ್ಲಿ ನೋಟ ಅಗಲ, ಎಲೆಗಳ ನಡುವೆ ಓಡಾಡುವ ಹಕ್ಕಿ ಬೇಗ ಸಿಗುತ್ತದೆ. ಕೊಂಡ ದಿನದಿಂದಲೇ ಕಣ್ಣಿಗೆ ಕಂಡ ಕೊಂಬೆಯ ಕಡೆಗೆ ನೋಟ ಕದಲಿಸದೆ ಅದನ್ನು ಎತ್ತಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ.