ಏಳನೇ ತರಗತಿಯ ಮಕ್ಕಳಿಗೆ ಕೊಂಡುಕುರಿಯ ಪಾಠ

ಮಾನ್ಯರೇ,

ಒಂದು ದಿನದ ವನಮಹೋತ್ಸವ ಮುಗಿದ ಮೇಲೂ ಮಕ್ಕಳ ಆಸಕ್ತಿ ಉಳಿಯುವಂತಹ ವನ್ಯಜೀವಿ ಸಂರಕ್ಷಣೆಯ ಕೆಲಸ ಯಾವುದೆಂದು ಜಗಳೂರು ತಾಲ್ಲೂಕಿನ ಶಿಕ್ಷಕರಾದ ತಾವು ಕೇಳಿದ್ದೀರಿ. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ ತಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

ಕೊಂಡುಕುರಿ ಎಂದರೆ ಗಂಡಿಗೆ ನಾಲ್ಕು ಕೊಂಬುಗಳಿರುವ ಹುಲ್ಲೆ; ಈ ಪ್ರಾಣಿ ಬಹಳ ಅಂಜುಬುರುಕ. ಮಕ್ಕಳ ಕಣ್ಣಿಗೆ ಬೀಳದೆಯೂ ಹೋಗಬಹುದು. ಆದರೆ ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದರಿಂದ, ಅರಣ್ಯ ಇಲಾಖೆಯ ಅನುಮತಿ ಪಡೆದು ಸಿಬ್ಬಂದಿಯೊಬ್ಬರ ಜೊತೆಯಲ್ಲಿ ಹೋದ ಮಕ್ಕಳು ಕುಕ್ಕರಗಾಲಿನಲ್ಲಿ ಕುಳಿತು, ಹಳೆಯ ಹಿಕ್ಕೆ ಬಿಳಿಚಿ ಒಣಗಿರುವುದನ್ನೂ ಹೊಸದು ಕಪ್ಪಗೆ ಹೊಳೆಯುವುದನ್ನೂ ಗುರುತಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಚಿತ್ರ ಬರೆದುಕೊಂಡರೆ, ಕಾಣದ ಪ್ರಾಣಿಯ ಓಡಾಟವನ್ನು ತಾವೇ ಓದಬಲ್ಲರು. ಕೈಯಿಂದ ಮುಟ್ಟದಿರಲಿ. ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗುವುದು ಮುಖ್ಯ. ಹತ್ತು ಕಡೆ ಒಮ್ಮೊಮ್ಮೆ ಸುತ್ತುವುದಕ್ಕಿಂತ ಇದನ್ನೇ ನಾನು ಮೇಲೆಂದು ಭಾವಿಸುತ್ತೇನೆ.

ಇನ್ನು ಶಾಲೆಯಲ್ಲಿ ಬೆಳೆಸುವ ಸಸಿಗಳನ್ನು ಹೊರಗಿನಿಂದ ತರಿಸಬೇಡಿ. ಮಳೆಗಾಲದ ಆರಂಭದಲ್ಲಿ ಮಕ್ಕಳೇ ಬೇವಿನ ಹಣ್ಣು ಆಯ್ದು, ತಿರುಳು ತೊಳೆದು, ನೆರಳಿನಲ್ಲಿ ಆರಿಸಿ ಬಿತ್ತಲಿ. ಈ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆಯಾದ್ದರಿಂದ ತಡಮಾಡುವಂತಿಲ್ಲ. ಬೇಸಿಗೆ ರಜೆಯಲ್ಲಿ ನೀರು ಹಾಕುವ ಸರದಿಯನ್ನು ಮಾರ್ಚ್‌ನಲ್ಲೇ ಬರೆದಿಡಿ. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಅದೊಂದನ್ನು ಮರೆತಿದ್ದರಿಂದ, ಜೂನ್‌ನಲ್ಲಿ ಬಂದ ಮಕ್ಕಳು ಒಣಗಿದ ಕಡ್ಡಿಗಳ ಮುಂದೆ ಮೌನವಾಗಿ ನಿಂತಿದ್ದರು.