ಕಣಜದ ಕಾಳಿಗೆ ಕಂಪ್ಯೂಟರಿನ ಲೆಕ್ಕ

ಪ್ರಶ್ನೆ: ಕಣಜದಿಂದ ಸುರಿಯುವ ಧಾನ್ಯದ ಚಲನೆಯನ್ನು ಒಂದೊಂದು ಕಾಳಿನ ಲೆಕ್ಕ ಹಿಡಿದು ಕಂಪ್ಯೂಟರಿನಲ್ಲಿ ಕಂಡುಕೊಳ್ಳುತ್ತಾರೆಂದು ಓದಿದೆ. ನೀರಿನ ಹರಿವಿನ ಸಮೀಕರಣಗಳನ್ನೇ ಇಲ್ಲಿಯೂ ಬಳಸಬಾರದೇಕೆ? ಕೋಟಿಗಟ್ಟಲೆ ಕಣಗಳಿದ್ದರೆ ಈ ಲೆಕ್ಕ ಸಾಧ್ಯವೇ?

ಉತ್ತರ: ತೊಟ್ಟಿಯಲ್ಲಿ ನೀರು ಏರಿದಷ್ಟೂ ತಳದ ಮೇಲಿನ ಒತ್ತಡ ಏರುತ್ತದೆ. ಕಾಳು ತುಂಬಿದ ಎತ್ತರದ ಕಣಜದಲ್ಲಿ ಹೀಗಾಗುವುದಿಲ್ಲ. ಕಾಳುಗಳು ಘರ್ಷಣೆಯ ಮೂಲಕ ತಮ್ಮ ಭಾರದ ಒಂದು ಪಾಲನ್ನು ಗೋಡೆಗೇ ಹೊರಿಸುವುದರಿಂದ, ಒಂದು ಮಟ್ಟ ದಾಟಿದ ಮೇಲೆ ಎಷ್ಟು ಸುರಿದರೂ ತಳದ ಒತ್ತಡ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆಂದು ಜರ್ಮನಿಯ ಇಂಜಿನಿಯರ್ ಯಾನ್ಸೆನ್ 1895ರಲ್ಲಿಯೇ ತೋರಿಸಿದ್ದರು. ಹರಿಯುವ ಕಾಳಿಗೆ ಒಪ್ಪುವ ಸಮೀಕರಣಗಳೂ ಇವೆಯಾದರೂ, ಬಾಯಿ ಕಿರಿದಾಗಿ ನಾಲ್ಕಾರು ಕಾಳುಗಳು ಕಮಾನು ಕಟ್ಟಿ ಹರಿವೇ ನಿಂತುಬಿಡುವ ಸಂದರ್ಭವನ್ನು ಅವು ಹಿಡಿಯಲಾರವು.

ಪೀಟರ್ ಕಂಡಲ್ ಮತ್ತು ಓಟೋ ಸ್ಟ್ರ್ಯಾಕ್ 1979ರಲ್ಲಿ ಪ್ರಕಟಿಸಿದ ವಿಧಾನ ಬಿಡಿ ಕಣಗಳನ್ನೇ ಹಿಡಿದು ನಡೆಯುತ್ತದೆ. ಎರಡು ಕಣಗಳು ತಾಗಿದಾಗ ಅವು ಒಂದರೊಳಗೊಂದು ಕೂದಲೆಳೆಯಷ್ಟು ಹೊಕ್ಕಿವೆಯೆಂದು ಭಾವಿಸಿ, ಆ ಹೊಕ್ಕ ಅಳತೆಗೆ ತಕ್ಕಂತೆ ಸ್ಪ್ರಿಂಗಿನಂತೆ ದೂಡುವ ಬಲವನ್ನೂ, ಜಾರುವ ದಿಕ್ಕಿನಲ್ಲಿ ಘರ್ಷಣೆಯನ್ನೂ ಎಣಿಸಿ, ನ್ಯೂಟನ್ನನ ನಿಯಮದಂತೆ ಪ್ರತಿ ಕಣವನ್ನೂ ತುಸುವೇ ಸರಿಸುತ್ತಾರೆ. ಮತ್ತೆ ಮೊದಲಿನಿಂದ ಎಣಿಸುತ್ತಾರೆ.

ಒಂದು ಘನ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ವ್ಯಾಸದ ಮರಳು 100 ಕೋಟಿ ಕಣಗಳನ್ನೂ ಮೀರುತ್ತದೆ. ಆದರೂ ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಸಂಖ್ಯೆಯದಲ್ಲ, ಕಾಲದ್ದು. ಗಟ್ಟಿ ಕಣಗಳ ತಾಗುವಿಕೆ ಎಷ್ಟು ಕ್ಷಣಿಕವೆಂದರೆ ಅದನ್ನು ಹಿಡಿಯಲು ಪ್ರತಿ ಹೆಜ್ಜೆಯೂ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟಿರಬೇಕಾಗಬಹುದು; ಆಗ ಒಂದು ಸೆಕೆಂಡಿನ ಹರಿವಿಗೆ ಹತ್ತು ಲಕ್ಷ ಸುತ್ತು ಲೆಕ್ಕ. ಆದ್ದರಿಂದ ಕಣದ ಗಡಸುತನವನ್ನು ಬೇಕೆಂದೇ ನೂರು ಪಟ್ಟು ತಗ್ಗಿಸಿ ಹೆಜ್ಜೆಯನ್ನು ಹತ್ತು ಪಟ್ಟು ಹಿಗ್ಗಿಸುವ ರೂಢಿಯಿದೆ. ದಟ್ಟವಾದ ನಿಧಾನ ಹರಿವಿನಲ್ಲಿ ಇದು ಹೆಚ್ಚು ಕೆಡಿಸುವುದಿಲ್ಲ. ಪುಡಿಯಂತೆ ಅಂಟುವ ಕಣಗಳಲ್ಲಿ ಮಾತ್ರ ಮೋಸ ಮಾಡುತ್ತದೆ.

ಗಾಳಿಯಲ್ಲಿ ತೂರಿದಾಗ ಹೊಟ್ಟು ಹಾರುವಂತಹ ಕಡೆ ಗಾಳಿಯ ಲೆಕ್ಕವೂ ಸೇರಬೇಕು. ಜಾಗವನ್ನು ಕಣಕ್ಕಿಂತ ದೊಡ್ಡ ಕೋಶಗಳಾಗಿ ಹಂಚಿ, ಗಾಳಿ ಕಣವನ್ನು ಎಳೆಯುವ ಬಲವನ್ನು ಪ್ರಯೋಗದಿಂದ ಬಂದ ಸೂತ್ರಗಳಿಂದ ಎಣಿಸಿ, ಅಷ್ಟೇ ಬಲವನ್ನು ಗಾಳಿಗೆ ಎದುರಾಗಿ ಹಿಂತಿರುಗಿಸುತ್ತಾರೆ.

ಇನ್ನು ಘರ್ಷಣೆಯ ಅಂಕಿಯನ್ನು ಹೊಂದಿಸಲು ಕಾಳನ್ನು ರಾಶಿ ಸುರಿದು ಅದರ ಇಳಿಜಾರಿನ ಕೋನವನ್ನು ಅಳೆಯುತ್ತಾರೆ. ಆದರೆ ಜಾರುವ ಘರ್ಷಣೆ, ಉರುಳುವ ಘರ್ಷಣೆಗಳ ಬೇರೆ ಬೇರೆ ಜೋಡಿಗಳು ಒಂದೇ ಕೋನವನ್ನು ಕೊಡಬಲ್ಲವಾದ್ದರಿಂದ, ಬಾಯಿಯಿಂದ ಸುರಿಯುವ ವೇಗವನ್ನೂ ಅಳೆದು ತಾಳೆ ನೋಡಿರದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.